ಇಳಿತದ ಹಾಜರಿ

ಆರನೆಯ ತರಗತಿಯ ಹಾಜರಿ ಪುಸ್ತಕ, ಹನ್ನೊಂದನೆಯ ಸಾಲು:
ನಿಶ್ಮಿತಾ. ತಾಯಿ ವಾರಿಜ. ಶಿರಿಯಾ ಕಡವು.
ತಂದೆಯ ಕಾಲಂನಲ್ಲಿ ಒಂದು ಅಡ್ಡಗೆರೆ.
ನವೆಂಬರಿನಿಂದ ನಾನೇ ಎಳೆದ ಕೆಂಪು ಗೀಟುಗಳನ್ನು
ಒಂದು ಸಂಜೆ ಗೋಡೆಯ ಪಂಚಾಂಗದ ಪಕ್ಕ ಹಿಡಿದು ನೋಡಿದೆ.

ಬಿದಿಗೆ, ತದಿಗೆ, ಚೌತಿ.
ಆಮೇಲೆ ನೀಲಿ, ಒಂದೂ ತಪ್ಪದೆ ನೀಲಿ.
ಮತ್ತೆ ಬಿದಿಗೆ, ತದಿಗೆ, ಚೌತಿ.
ಇಷ್ಟು ಕರಾರುವಾಕ್ಕಾಗಿ ಶಾಲೆ ತಪ್ಪಿಸುವ ಮಗುವನ್ನು
ನನ್ನ ನಾಲ್ಕು ವರ್ಷದ ನೌಕರಿಯಲ್ಲಿ ಕಂಡದ್ದಿಲ್ಲ.

ಆ ದಿನಗಳಲ್ಲಿ
ನಾವು ಗಂಟೆ ಹೊಡೆಯುವುದಕ್ಕೆ ತುಸು ಮುಂಚೆ
ಅಳಿವೆಯ ನೀರು ಹಿಂದೆ ಸರಿಯುತ್ತದೆ.
ಕೆಸರಿನ ಬೆನ್ನು ಮೇಲೇಳುತ್ತದೆ,
ಬೆರಳು ಹಾಕಿದರೆ ಒಳಗೆ ಮರುವಾಯಿ.
ಹೆಕ್ಕಿ, ತೊಳೆದು, ಕುಂಬಳೆ ಪೇಟೆಯಲ್ಲಿ ಅಳೆದು ಕೊಡುವಾಗ
ಇಲ್ಲಿ ಮಧ್ಯಾಹ್ನದ ಗಂಜಿಯೂ ಮುಗಿದಿರುತ್ತದೆ.

ಸತತ ಹದಿನೈದು ದಿನ ಬಾರದಿದ್ದರೆ
ಹೆಸರು ಹೊಡೆಯಬಹುದು ಎನ್ನುತ್ತಾರೆ ಹೆಡ್‌ಮಾಸ್ಟರು.
ಕಡಲು ಅವಳನ್ನು ಅಷ್ಟು ದಿನ ಇಟ್ಟುಕೊಳ್ಳುವುದಿಲ್ಲ.
ನಾಲ್ಕನೆಯ ದಿನ ಉಗುರಿನಲ್ಲಿ ಕಪ್ಪು ಇಟ್ಟುಕೊಂಡು
ಎರಡನೆಯ ಬೆಂಚಿನ ತುದಿಗೆ ಬಂದು ಕೂತಿರುತ್ತಾಳೆ.
ಬಿಟ್ಟು ಹೋದದ್ದು ಗುಣಾಕಾರದಲ್ಲಿ,
ಬಂದಾಗ ಬೋರ್ಡಿನ ತುಂಬ ಭಿನ್ನರಾಶಿ.
ಕೇಳುವುದಿಲ್ಲ. ಪಕ್ಕದವಳ ಪುಸ್ತಕ ನೋಡಿ
ಉತ್ತರವನ್ನಷ್ಟೇ ಬರೆದುಕೊಳ್ಳುತ್ತಾಳೆ.

ಒಟ್ಟು ಕೂಡಿಸಿದರೆ ಹಾಜರಿ ಕಡಿಮೆ.
ಕಚೇರಿಯಿಂದ ನೋಟಿಸು ಬಂತು, ಅಚ್ಚು ಹಾಕಿದ ಮಲಯಾಳದಲ್ಲಿ.
ಮಗುವನ್ನು ಕಳಿಸುವುದು ರಕ್ಷಕರ ಹೊಣೆ,
ತಪ್ಪಿದರೆ ಕಾನೂನು ಕ್ರಮ, ಕೆಳಗೆ ಸಹಿ.

ಚೌತಿಯ ದಿನ ಅರ್ಧ ರಜೆ ಹಾಕಿ ಕಡವಿಗೆ ಹೋದೆ
(ನನ್ನ ಸಾಲಿನಲ್ಲೂ ಒಂದು ಅರ್ಧ ಗೀಟು).
ಹುಡುಗಿ ಸೊಂಟಮಟ್ಟ ನೀರಿನಲ್ಲಿ
ದೋಣಿಯ ಹಗ್ಗ ಹಿಡಿದಿದ್ದಳು.
ನನ್ನನ್ನು ಕಂಡದ್ದೇ ಎದ್ದು ನಿಲ್ಲಲು ಹೋದಳು,
ನಿಂತೇ ಇದ್ದಳಲ್ಲ, ಪಾಪ.

ಮಲಯಾಳದಲ್ಲಿ ಅದು ಆಜ್ಞೆ.
ನಾನು ಕನ್ನಡದಲ್ಲಿ ಹೇಳುವಾಗ ವಿನಂತಿಯಾಯಿತು.
ವಾರಿಜ ಮಗಳ ಕಡೆ ತಿರುಗಿ ತುಳುವಿನಲ್ಲಿ ಕೂಗಿದಾಗ
ಉಳಿದದ್ದು ಇಷ್ಟೇ: ಟೀಚರ್ ಬೈದೆರ್.

"ಹೊಣೆ ನನ್ನದಲ್ಲ ಎಂದೆನಾ ಟೀಚರೇ?
ನಾನು ಕೆಸರಿಗೆ ಬಗ್ಗಿದರೆ ದೋಣಿ ಯಾರು ಹಿಡಿಯಬೇಕು,
ಅದನ್ನೂ ಅದರಲ್ಲಿ ಬರೆದಿದ್ದಾರಾ?"

ಕಾಗದ ತಿರುಗಿಸಿ ನೋಡಿದೆ, ಬರೆದಿರಬಹುದು ಎಂಬಂತೆ.
ಹಿಂಬದಿ ಖಾಲಿ.

ಒದ್ದೆ ಕೈ, ಪೆನ್ನು ಜಾರುತ್ತಿತ್ತು.
ಸಹಿಯ 'ವಾ' ಮಾತ್ರ ದುಂಡಗೆ, ನಮ್ಮ ಶಾಲೆಯದೇ 'ವಾ'.
ಐದರವರೆಗೆ ಅವಳೂ ಅಲ್ಲೇ ಕಲಿತವಳು.
ಬಿಟ್ಟಾಗ ಅವಳ ಅಮ್ಮನನ್ನು ಹುಡುಕಿಕೊಂಡು
ಯಾವ ನೋಟಿಸೂ ಹೊಳೆಗಿಳಿದು ಬಂದಿರಲಿಲ್ಲವಂತೆ.
ದೂರಿದ್ದಲ್ಲ, ನೆನಪಾಗಿ ಹೇಳಿದ್ದು.

ನಾನು ಹೇಳದೆ ಉಳಿದದ್ದೂ ಒಂದಿದೆ.
ಜೂನಿನ ಆರನೆಯ ಕೆಲಸದ ದಿನ ನಮ್ಮಲ್ಲಿ ತಲೆ ಎಣಿಸುತ್ತಾರೆ.
ಹೊಳೆ ಕೆಂಪಗೆ ತುಂಬಿ ಹರಿಯುವ ಕಾಲ,
ಮರುವಾಯಿ ಇಲ್ಲ, ಬೆಂಚು ಭರ್ತಿ.
ಈ ಸಲ ಒಂದು ತಲೆ ಕಡಿಮೆ ಬಿದ್ದಿದ್ದರೆ
ಕನ್ನಡದ ಒಂದು ಹುದ್ದೆ ಹೋಗುತ್ತಿತ್ತು.
ಕೊನೆಗೆ ಸೇರಿದವಳು ನಾನು.
ಅವಳು "ಹಾಜರ್" ಎಂದಾಗ ಉಸಿರು ಬಿಟ್ಟವಳೂ ನಾನು.
ಆ ಬೆಳಿಗ್ಗೆ ರಕ್ಷಕರ ಕಾಲಂನಲ್ಲಿ
ಯಾರ ಹೆಸರು ಬರೆಯಬೇಕಿತ್ತೋ.

ಹೊರಟಾಗ ಬೇಡವೆಂದರೂ
ಒಂದು ತೊಟ್ಟೆ ಮರುವಾಯಿ ಕೈಗಿಟ್ಟಳು.
ನೋಟಿಸಿನ ಮೂಲೆ ನೆನೆದು ಸಹಿ ಅರ್ಧ ಹರಡಿತು.
ಕಚೇರಿಯ ಗುಮಾಸ್ತ ಮೂಸಿ ನೋಡುತ್ತಾನೆ ನಾಳೆ.

ರಾತ್ರಿ ಉಪ್ಪು ನೀರಿನಲ್ಲಿ ಹಾಕಿಟ್ಟಿದ್ದೇನೆ.
ಕತ್ತಲಲ್ಲಿ ಬಾಯಿ ತೆರೆದು ಮರಳು ಉಗುಳುತ್ತವೆ,
ದೀಪ ಹಾಕಿದರೆ ಎಲ್ಲ ಒಮ್ಮೆಗೇ ಮುಚ್ಚಿಕೊಳ್ಳುತ್ತವೆ,
ನಾನು ತರಗತಿಗೆ ಕಾಲಿಟ್ಟ ಹಾಗೆ.
ಮೂವತ್ತೊಂದು ಇವೆ. ಎಣಿಸಿದೆ, ಅಭ್ಯಾಸ.

ನಾಳೆ ಪಂಚಮಿ, ಅವಳು ಬರುತ್ತಾಳೆ.
ದಶಮಾಂಶವನ್ನು ಇವತ್ತು ಶುರುಮಾಡಲಿಲ್ಲ.