ಒಂದು ಗೇಣಿನ ಲೆಕ್ಕ

ಆಕ್ಸ್‌ಫರ್ಡಿನಲ್ಲಿ ನಾನು ನೋಡುವುದು ಬರೀ ತಲೆಗಳನ್ನು.
ಎರಡಂತಸ್ತಿನ ಬಸ್ಸಿನ ಗಾಜಿನ ಹಿಂದೆ ಕೂತವನಿಗೆ
ಕೌಲಿ ರೋಡಿನ ಬೆಳಗು ಅಂದರೆ ಇಷ್ಟೇ:
ಒದ್ದೆ ಕೂದಲ ತಲೆ, ನೆತ್ತಿ ಸವೆದ ತಲೆ,
ಟೋಸ್ಟು ಕಚ್ಚಿಕೊಂಡು ಎರಡೂ ಕೈ ಬಿಟ್ಟ
ಹತ್ತೊಂಬತ್ತರ ತಲೆ,
ನಡುವೆ ಅಲ್ಲೊಂದು ಇಲ್ಲೊಂದು
ಹೋಳುಗೆರೆಯ ಕುಂಬಳಕಾಯಿಯಂಥ ಹೆಲ್ಮೆಟ್ಟು.

ಮೊನ್ನೆ ಒಬ್ಬಳು ಚೆಲ್ಲೋ ಹೊತ್ತು ಹೋದಳು.
ಚೆಲ್ಲೋ ಗಟ್ಟಿ ಪೆಟ್ಟಿಗೆಯೊಳಗೆ, ಮೂರು ಬಕಲು ಬಿಗಿದು, ಭದ್ರ.
ಅವಳ ತಲೆ ಮಾತ್ರ ಗಾಳಿಗೆ.
ಸಿಗ್ನಲ್ಲಿನಲ್ಲಿ ಕಿಟಕಿ ಸರಿಸಿ ಕೇಳಬೇಕೆನ್ನಿಸಿತು:
ತಂಗೀ, ಎರಡರಲ್ಲಿ ಯಾವುದು ಅಂಗಡಿಯಲ್ಲಿ ಸಿಗುತ್ತದೆ?
ಹಸಿರು ಬಂತು. ಅವಳೇ ಮೊದಲು ಹೊರಟಳು.

ಇಲ್ಲಿ ಕಾನೂನಿಲ್ಲ. ಹಾಕಿದರೆ ಹಾಕಿದೆ, ಬಿಟ್ಟರೆ ಬಿಟ್ಟೆ.
ಡಿಪೋದ ಚಹಾ ಕೋಣೆಯಲ್ಲಿ ದಿನಾ ಇದೇ ಜಗಳ.
ದಂಡ ಹಾಕಲಿ, ಬುದ್ಧಿ ಬರುತ್ತದೆ, ಅನ್ನುತ್ತಾನೆ ಡೆಸ್ಮಂಡ್.
ದಂಡ ಹಾಕಿದರೆ ಅರ್ಧ ಜನ ಸೈಕಲ್ ಬಿಟ್ಟು ಕಾರು ಹತ್ತುತ್ತಾರೆ,
ಆಮೇಲೆ ನಿನ್ನ ಬಸ್ಸು ಸೇತುವೆ ದಾಟುವುದು ಮಧ್ಯಾಹ್ನಕ್ಕೆ,
ಅನ್ನುತ್ತಾಳೆ ಅಗ್ನಿಯೆಷ್ಕಾ.
ನಾನು ಸಕ್ಕರೆ ಕದಡುತ್ತಿರುತ್ತೇನೆ.
ನಮ್ಮಲ್ಲಿ ಟೋಪಿ ಹಾಕುವುದಕ್ಕೆ ಬೇರೆಯೇ ಅರ್ಥ,
ಇವರಿಗೆ ಹೇಗೆ ಹೇಳಲಿ?

ಹಗರಿಬೊಮ್ಮನಹಳ್ಳಿ ಡಿಪೋದಲ್ಲಿದ್ದಾಗ
ಒಂದೇ ಸೈಕಲ್ಲಿನ ಮೇಲೆ ಅಪ್ಪ, ಅವ್ವ, ಕೂಸು, ಸೀಮೆಎಣ್ಣೆ ಡಬ್ಬಿ.
ಹಾರ್ನ್ ಹೊಡೆದರೆ ಸಂಸಾರವೇ ಪಕ್ಕಕ್ಕೆ ಸರಿಯುತ್ತಿತ್ತು.
ತಲೆಗೆ ಏನಿತ್ತು? ರುಮಾಲು. ಸೆರಗು. ಹಣೆಬರಹ.
ಇಲ್ಲಿ ಹಾರ್ನ್ ಒತ್ತಿದರೆ ಬೈಗುಳ.
ಮುಂದಿನ ತಲೆಯ ಹಿಂದೆ ಹನ್ನೆರಡು ಟನ್ನು ಉಸಿರು ಹಿಡಿದು
ಕಾಯಬೇಕು.

ನೀಲಗಂಗಾ ಈ ಚಳಿಗಾಲದಿಂದ ಸೈಕಲ್ ಹೊಡೆಯುತ್ತಾಳೆ,
ಆಸ್ಪತ್ರೆಯ ಲಾಂಡ್ರಿಗೆ, ಬೆಳಗಿನ ಐದೂವರೆಯ ಪಾಳಿಗೆ.
ಐವತ್ತೆರಡಕ್ಕೆ ಕಲಿತವಳು, ಮೊಣಕಾಲಲ್ಲಿ ಇನ್ನೂ ಹಸಿ ಗಾಯ.
ಇಪ್ಪತ್ತೆಂಟು ಪೌಂಡು ಕೊಟ್ಟು ಹೆಲ್ಮೆಟ್ ತಂದೆ.
ತುರುಬಿನ ಮೇಲೆ ಅದು
ಕೊಡದ ಮೇಲೆ ಕೊಡ ಇಟ್ಟಂತೆ ಓಲಾಡಿತು.
ತುರುಬು ಇಳಿಸು ಅಂದೆ.
ಮೂವತ್ತು ವರ್ಷದ ತುರುಬು, ನಿಮ್ಮ ಮಾತಿಗೆ ಇಳಿಯುವುದಿಲ್ಲ ಅಂದಳು.
ಗಾದೆ ಹೇಳಿದೆ: ತಲೆಗೆ ಬಂದದ್ದು ರುಮಾಲಿಗೆ ಹೋಗಲಿ.
ರುಮಾಲು ಪಕ್ಕೆಲುಬು ಕಾಯುತ್ತದೆಯೇ? ಅಂದಳು.
ನನಗೆ ಸಿಟ್ಟು ಬಂತು.
ಆಗ ಅವಳು, ಸಾರು ಬಡಿಸುತ್ತ, ಮೆತ್ತಗೆ:
'ನೀವು ಎಷ್ಟು ಜಾಗ ಬಿಡುತ್ತೀರಿ?'

ಹದಿನೇಳು ವರ್ಷದ ಲೈಸೆನ್ಸು, ಒಂದು ಕಲೆಯಿಲ್ಲ.
ಆದರೂ ಅವತ್ತು ಕತ್ತಲಲ್ಲಿ ಮಲಗಿ
ಇಡೀ ರೂಟನ್ನು ಮತ್ತೆ ಓಡಿಸಿದೆ, ಸ್ಟಾಪಿನಿಂದ ಸ್ಟಾಪಿಗೆ.
ಬರಿದಲೆ ಕಂಡರೆ ಸ್ಟೀರಿಂಗು ತಾನೇ ಬಲಕ್ಕೆ ಎಳೆಯುತ್ತದೆ,
ನರೆಗೂದಲು ಹಾರುತ್ತಿದ್ದರೆ ಮತ್ತಷ್ಟು.
ಹೆಲ್ಮೆಟ್ ಕಂಡರೆ,
ಇವನು ತಯಾರಾಗಿ ಬಂದವನು, ಇವನಿಗೆ ಗೊತ್ತು, ಅಂತ
ಒಂದು ಗೇಣು ಹತ್ತಿರ ಹೋಗುತ್ತೇನೆ.
ಒಂದೇ ಗೇಣು. ಯಾರೂ ಅಳೆದಿಲ್ಲ. ಕನ್ನಡಿಗೂ ತಿಳಿದಿಲ್ಲ.
ಅವರು ದುಡ್ಡು ಕೊಟ್ಟು ಕೊಂಡು ತಂದದ್ದನ್ನು
ಹಾದುಹೋಗುತ್ತ ಹಾದುಹೋಗುತ್ತ
ನಾನು ಕಿತ್ತುಕೊಂಡಿದ್ದೇನೆ.

ಇದನ್ನು ಅವಳಿಗೆ ಹೇಳಲಿಲ್ಲ.
ಬೆಳಿಗ್ಗೆ ಎದ್ದರೆ ಗೂಟದಲ್ಲಿ ಹೆಲ್ಮೆಟ್ ಇಲ್ಲ.
ಅಡುಗೆಮನೆಯ ಮೇಜಿನ ಮೇಲೆ
ತುರುಬಿನ ಹದಿನಾಲ್ಕು ಪಿನ್ನು.

ಅವತ್ತು ನನ್ನದು ಹೆಡಿಂಗ್ಟನ್ ರೂಟು.
ಏರಿನಲ್ಲಿ, ಮಂಜಿನೊಳಗೆ, ಮುಂದೊಂದು ಹಸಿರು ಹೆಲ್ಮೆಟ್,
ಕೆಳಗೆ ಇಳಿಬಿದ್ದ ಜಡೆ.
ಅವಳಲ್ಲ. ಅವಳು ಆಗಲೇ ಲಾಂಡ್ರಿಯ ಹಬೆಯಲ್ಲಿ.
ಗೊತ್ತಿದ್ದೂ ಹಿಂದಿಕ್ಕಲಿಲ್ಲ.
ಏರು ಮುಗಿಯುವ ತನಕ, ನಡೆಯುವವನ ವೇಗದಲ್ಲಿ,
ಹಿಂದೆ ಯಾರೋ ಗೊಣಗಿದರು, ಯಾರೋ ಬೆಲ್ಲು ಒತ್ತಿದರು.

ಎಂಟು ನಿಮಿಷ ತಡ.
ಡಿಪೋದಲ್ಲಿ ಡೆಸ್ಮಂಡ್ ಫಾರಂ ಕೊಟ್ಟ.
ರೂಟಿನ ನಂಬರು ಬರೆದೆ, ಹೊತ್ತು ಬರೆದೆ,
ಕಾರಣ ಬರೆಯುವಲ್ಲಿ
ಜಾಗ ಬಿಟ್ಟೆ.