ಗಸಿ ಕೂರುವ ಜಾಗ

ನಾಲ್ಕು ಸಲ ಸಾಗಿಸಿದ್ದೇನೆ, ಇದು ಐದನೆಯದು.
ಹಿಂದೆ ಹುಲ್ಲು, ಹುಲ್ಲಿನ ಮೇಲೆ ಹಳೆ ಕಂಬಳಿ,
ಕಂಬಳಿಯೊಳಗೆ ಚೋಂದವ್ವಕ್ಕನ ನಲವತ್ತೊಂದು ಭರಣಿ.
ಗೂಡ್ಸ್ ಆಟೋ ನನ್ನದು, ಗುಂಡಿಗಳು ಸರ್ಕಾರದ್ದು.
ಸಿದ್ದಾಪುರದಿಂದ ಅಮ್ಮತ್ತಿಯವರೆಗೆ
ಯಾವ ತಿರುವಿನಲ್ಲಿ ಯಾವ ಭರಣಿ ಗೊಣಗುತ್ತದೆಂದು
ಕಣ್ಣು ಮುಚ್ಚಿ ಹೇಳಬಲ್ಲೆ.
ಕಣ್ಣು ಮುಚ್ಚಿ ಓಡಿಸುವುದಿಲ್ಲ, ಹೆದರಬೇಡಿ.

ನಾನು ಕುಡಿಯುವವನಲ್ಲ.
ಉಮ್ಮ ಇಟ್ಟ ಹೆಸರು ಹಂಝ,
ಊರಿನ ಬಾಯಲ್ಲಿ ಹಂಸನಾಗಿ ಹಕ್ಕಿಯಾದೆ.
"ಹಾಲು ನೀರು ಬೇರೆ ಮಾಡುವವನಲ್ಲವೇನೋ,
ಇದರಲ್ಲಿ ನೀರೆಷ್ಟು ಹೇಳು" ಎಂದು ನಗುತ್ತಾಳೆ ಅಕ್ಕ.
ನಗುತ್ತಾಳೆ ಅಷ್ಟೆ, ಲೋಟ ಚಾಚುವುದಿಲ್ಲ.
ನನ್ನ ಪಾಲಿಗೆ ಯಾವಾಗಲೂ ಬೆಲ್ಲದ ಕಾಪಿ.

ಮೊದಲು ಅವಳ ಬಚ್ಚಲ ಪಕ್ಕದ ಕೋಣೆ, ನಾಲ್ಕೇ ಭರಣಿ:
ನೆಲ್ಲಿ ಎರಡು, ಶುಂಠಿ ಒಂದು,
ಯಾರೂ ನಂಬದ ವೀಳ್ಯದೆಲೆಯದು ಒಂದು.
ಹಂಡೆಯ ಬಿಸಿಗೆ ಶುಂಠಿ ಸಿಟ್ಟಾಗಿ
ಮುಚ್ಚಳ ಹಾರಿಸಿ ಸೂರಿಗೆ ಸಹಿ ಹಾಕಿತು.
ಆಮೇಲೆ ಗೋಣಿಕೊಪ್ಪದಲ್ಲಿ ತಂಗಿಯ ಉಗ್ರಾಣ:
ಮೆಣಸು ಒಳಗೆ ಬಂತು, ಭರಣಿ ಹೊರಗೆ ಬಂತು.
ಆಮೇಲೆ ಬಟ್ಟೆ ಅಂಗಡಿಯ ಹಿಂಬದಿ. ಮಹಡಿಯ ಹಲ್ಲಿನ ಡಾಕ್ಟರು
ರೋಗಿಗಳು ಸೂಜಿಗೆ ಮೊದಲೇ ತೂಗುತ್ತಾರೆ ಎಂದರು.
ಸಿದ್ದಾಪುರದಾಚೆ ತೋಟದ ಅಂಚಿನಲ್ಲಿ ಒಂದು ತಗಡಿನ ಶೆಡ್ಡು,
ಬಾಡಿಗೆ ಅಷ್ಟೊಂದು ಅಗ್ಗ ಯಾಕೆಂದು
ಮೂರನೇ ರಾತ್ರಿ ಆನೆಗಳು ಬಂದು ಹೇಳಿದವು.
ಏಳು ಭರಣಿ ಪ್ಯಾಷನ್ ಹಣ್ಣು.
ಬೆಳಿಗ್ಗೆ ಚೂರು ಹೆಕ್ಕುತ್ತ ಅಕ್ಕ
"ರುಚಿ ಗೊತ್ತಿರುವ ಗಿರಾಕಿ" ಎಂದಳು,
ಆಟೋದಲ್ಲಿ ಕೂತ ಮೇಲೆ ಮಾತಾಡಲಿಲ್ಲ.
ಆಮೇಲೆ ಒಂದು ಹೋಂಸ್ಟೇಯ ಕಾರು ಶೆಡ್ಡು.
ಮೊನ್ನೆ ಅವರು ಕಾರು ಕೊಂಡರು.

ಲೈಸೆನ್ಸಿನ ಅರ್ಜಿಯಲ್ಲಿ ಒಂದು ಸಾಲಿದೆ, ಖಾಯಂ ವಿಳಾಸ.
ಉಳಿದದ್ದೆಲ್ಲ ಪೆನ್ನಿನಲ್ಲಿ, ಅದು ಮಾತ್ರ ಪೆನ್ಸಿಲಿನಲ್ಲಿ.
ಬರೆದು ಒರೆಸಿ, ಬರೆದು ಒರೆಸಿ
ಆ ಜಾಗದ ಕಾಗದ ಈರುಳ್ಳಿ ಸಿಪ್ಪೆಯಾಗಿತ್ತು.
"ವೈನು ಮಾಡುವುದೇನು ಮಹಾ, ಹಂಸ,
ಹಣ್ಣು ತಾನೇ ಮಾಡಿಕೊಳ್ಳುತ್ತದೆ.
ಗಸಿ ಕೂರುವವರೆಗೆ
ಯಾರೂ ಅಲುಗಿಸದ ಜಾಗ ಒಂದು ಬೇಕು.
ನಾನು ಕೂರಿಸಿದ್ದನ್ನು ನೀನು ಕದಡುತ್ತೀಯ,
ಅದಕ್ಕೆ ನಾನೇ ಬಾಡಿಗೆ ಕೊಡುತ್ತೇನೆ."
ಲೆಕ್ಕ ಸರಿಯಾಗಿತ್ತು. ಆ ದಿನ ಐವತ್ತು ರೂಪಾಯಿ ಬಿಟ್ಟೆ.

ಅಮ್ಮತ್ತಿಯ ಹಳೆ ಕಿತ್ತಳೆ ಡಿಪೋ ತೋರಿಸಿದ್ದು ನಾನೇ.
ಗಿಡಗಳಿಗೆ ರೋಗ ಬಂದ ಮೇಲೆ ಬಿದ್ದ ಬೀಗ.
ಉಪ್ಪ ಅಲ್ಲಿ ಹಣ್ಣು ಎಣಿಸುತ್ತಿದ್ದ,
ನೂರಕ್ಕೆ ನಾಲ್ಕು ಹೆಚ್ಚು, ಕೊಳೆಯುವುದರ ಲೆಕ್ಕಕ್ಕೆ.
ಒಂದೂವರೆ ಮೊಳದ ಕಲ್ಲುಗೋಡೆ, ಮೇಯಲ್ಲೂ ತಣ್ಣಗೆ.
ಗೋಡೆಯ ಮೇಲೆ ಇದ್ದಲ ಗೀಟುಗಳು,
ಅವುಗಳಲ್ಲಿ ಉಪ್ಪನದು ಯಾವುದೋ.
ಬಾಗಿಲು ತೆಗೆದಾಗ ಅಕ್ಕ ಮೂಸಿದಳು,
ಬಾವಲಿ, ಗೆದ್ದಲು, ಅದರಡಿಯಲ್ಲಿ ಸಿಪ್ಪೆಯ ಒಗರು.
"ಇನ್ನೂ ಇದೆ," ಎಂದಳು.
ನನಗೆ ಸಿಗಲಿಲ್ಲ. ಹೂಂಗುಟ್ಟಿದೆ.

ಸಮಿತಿಯ ಮಾಚಯ್ಯನವರು ಕೇಳಿದರು, ಎಷ್ಟು ತಿಂಗಳಿಗೆ?
"ತಿಂಗಳು ಬಾಡಿಗೆಗೆ ಇರಲಿ. ನನಗೆ ವರ್ಷ ಹೇಳಿ."
ಮೂರು ಸಭೆ, ಎರಡು ಜಗಳ, ಒಂದು ಬಾಟಲಿ ನೆಲ್ಲಿ,
ಕೊನೆಗೆ ಹದಿನೈದು ವರ್ಷ.
"ಅಷ್ಟು ಕಾಲ ನಡೆಸುತ್ತೀಯೇನಮ್ಮ?"
"ನಾನು ಗೊತ್ತಿಲ್ಲ. ಭರಣಿ ಇರುತ್ತದೆ."

ಇವತ್ತು ಕೊನೆಯ ಭರಣಿ ಇಳಿಸಿದಾಗ
ಒಂದೂ ಗೊಣಗಲಿಲ್ಲ. ಕಿವಿಗೆ ಅದೇ ವಿಚಿತ್ರವಾಯಿತು.
ಮಗುಚಿದ ಹಣ್ಣಿನ ಪೆಟ್ಟಿಗೆಯ ಮೇಲೆ ಅರ್ಜಿ ಹರಡಿ
ಅಕ್ಕ ಪೆನ್ನು ತೆಗೆದಳು, ಖಾಯಂ ವಿಳಾಸ,
ಮೊದಲ ಅಕ್ಷರಕ್ಕೇ ಕಾಗದ ತೂತಾಯಿತು.
ತೂತಿನಲ್ಲಿ ಪೆಟ್ಟಿಗೆಯ ಮರ,
ಮರದ ಮೇಲೆ ಯಾವುದೋ ಹಳೆ ನಂಬರಿನ ಅರ್ಧ.
ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು.

ಹೊಸ ಅರ್ಜಿಗೆ ನಾಳೆ ಮಡಿಕೇರಿಗೆ ಹೋಗಬೇಕು,
ಖಾಲಿ ಗಾಡಿಯಲ್ಲಿ.
ಹಿಂದಿನ ಹುಲ್ಲು ನಾನಿನ್ನೂ ಝಾಡಿಸಿಲ್ಲ.