ಲಾಭ, ಎರಡು, ಮೂರು

ತಟ್ಟೆಯ ಮುಚ್ಚಳ ತೆಗೆದು ಮೂಸಬಾರದು,
ಹದಿನೇಳು ವರ್ಷದಿಂದ ಹೊಸ ಹುಡುಗರಿಗೆ ನಾನೇ ಹೇಳುವ ಪಾಠ.
ಆದರೂ ಮೂಗಿಗೆ ಗೊತ್ತಾಗಿಬಿಡುತ್ತದೆ
ಆ ದ್ರಾಕ್ಷಿಯ ವಾಸನೆ:
ಸುಟ್ಟಗಾಯದ ವಾರ್ಡು, ನಾಲ್ಕನೇ ಮಂಚ, ಚಮನ್‌ಬಿ.

ದಾವಣಗೆರೆಗೆಲ್ಲ ಸಂಜೆಯ ಖಾರಮಂಡಕ್ಕಿ ಉಣಿಸುವ
ಭಟ್ಟಿಯ ಕಾದ ಮರಳು
ಮೊಣಕೈವರೆಗೂ ಬಳೆ ತೊಡಿಸಿತ್ತು ಆಕೆಗೆ.
ಅದು ಬೆಂಕಿಯ ಕೆಲಸ, ಒಂದೇ ಗಳಿಗೆಯದು.
ಈ ಹಸಿರು ಕೀವು ಬೆಂಕಿಯದಲ್ಲ.
ಇದು ಇಲ್ಲಿಗೆ ಬಂದಮೇಲೆ, ನಮ್ಮಲ್ಲಿ,
ಹನ್ನೊಂದನೇ ದಿನ.

ಹಿಂದಿನ ಸಂಜೆ ತಟ್ಟೆಯ ತುಂಬ ಬಿತ್ತಿ
ಬೊಟ್ಟಿನಷ್ಟಗಲದ ಔಷಧದ ಬಿಲ್ಲೆ ಇಟ್ಟಿದ್ದೆ.
ಒಂದೊಂದರ ಸುತ್ತ ಬಯಲು ಬೀಳಬೇಕು,
ಚಂದ್ರನ ಸುತ್ತ ಉಂಗುರ ಕಟ್ಟಿದ ಹಾಗೆ.
ಸ್ಕೇಲು ಹಿಡಿದೆ. ಸೊನ್ನೆ.
ಪಕ್ಕದ್ದು, ಸೊನ್ನೆ.
ಬದುವಿಗೆ ಹೆದರದ ತುಡುಗು ದನದ ಹಾಗೆ
ಬಿಲ್ಲೆಯ ಅಂಚಿನತನಕ ಮೇದು ನಿಂತಿವೆ.
ಕೊನೆಯದಕ್ಕೆ ಮಾತ್ರ ಒಂದಿಷ್ಟು ತೆರವು,
ಅದು ಕಿಡ್ನಿಯನ್ನು ಒತ್ತೆ ಕೇಳುವ ಮದ್ದು.

ಎಲ್ಲಿಂದ ಬಂತು?
ಹತ್ತಿಯ ಕಡ್ಡಿ ಹಿಡಿದು ವಾರ್ಡು ಸುತ್ತಿದೆ.
ಮಂಚದ ಸರಳು, ನಲ್ಲಿಯ ಮೂತಿ,
ಡಾಕ್ಟರ್ ಉಜ್ಜನಪ್ಪನವರ ವಾಚು
(ನಕ್ಕರು, ಆಮೇಲೆ ಬಿಚ್ಚಿ ಜೇಬಿಗೆ ಹಾಕಿಕೊಂಡರು).
ಸಿಕ್ಕಿದ್ದು ಕೈತೊಳೆಯುವ ಸೋಪಿನ ಬಾಟಲಿಯಲ್ಲಿ.

ಗಂಗಮಾಳಮ್ಮ ಅತ್ತಳು.
ತೀರಿದಾಗೆಲ್ಲ ನೀರು ಬೆರೆಸಿದ್ದು ಆಕೆಯೇ,
ಬಾಟಲಿ ತೊಳೆಯದೆ, ತಿಂಗಳಿಂದ.
ಹೊಸ ಸೋಪಿನ ಇಂಡೆಂಟು ಸ್ಟೋರಿನ ಮೇಜಿನ ಮೇಲೆ
ಚಹದ ಲೋಟದ ಕಲೆ ಹೊತ್ತು ಮಲಗಿತ್ತು, ಸಹಿಯಿಲ್ಲದೆ.
ಯಾರನ್ನು ಬೈಯಲಿ?
ನನ್ನ ಬ್ಯಾಗಿನಲ್ಲೇ ಇದ್ದವು
ಐದರಲ್ಲಿ ಮೂರು ನುಂಗಿ, ಜ್ವರ ಬಿಟ್ಟಿತೆಂದು
ಉಳಿಸಿಕೊಂಡ ಎರಡು ಗುಳಿಗೆ.

ಎರಡು ಬೆರಳು ನಮ್ಮಲ್ಲಿ ಬಿಟ್ಟು
ಎರಡು ತಿಂಗಳಿಗೆ ಚಮನ್‌ಬಿ ಮನೆಗೆ ಹೊರಟಳು.
ಹೊರಡುವಾಗ ಹೊಸ ಬಾಟಲಿಯ ಮುಂದೆ
ಒಂದರಿಂದ ಇಪ್ಪತ್ತು ಎಣಿಸುವತನಕ ಉಜ್ಜಿ, ಉಜ್ಜಿ ಎಂದು
ನಾನು ಬಡಕೊಳ್ಳುವುದನ್ನು ನೋಡುತ್ತ ನಿಂತಳು.
"ಹಂಗಲ್ಲ ತಂಗೀ, ಒಂದು ಅನಬಾರ್ದು.
ಸೇರಿನಾಗೆ ಮಂಡಕ್ಕಿ ಅಳೆಯುವಾಗ
ನಾವು ಒಂದು ಅನ್ನಲ್ಲ."

ಈಗ ರಾತ್ರಿ ಪಾಳಿಯಲ್ಲಿ
ನಲ್ಲಿಯ ಹತ್ತಿರದಿಂದ ಗಂಗಮಾಳಮ್ಮನ ಗೊಗ್ಗರು ದನಿ:
ಲಾಭ… ಎರಡು… ಮೂರು…
ಬೆರಳ ಸಂದಿ, ಹೆಬ್ಬೆರಳ ಬುಡ, ಉಗುರಿನ ಕೆಳಗೆ.
ಆರು ಅನ್ನುವಾಗ, ಗಾಯವೇ ಆರು ಅಂತಾಳೋ,
ಏಳು ಅನ್ನುವಾಗ, ಐದನೇ ಮಂಚದ ಕೂಸಿನ ಕಡೆ ತಿರುಗಿ
ಏಳು ಅಂತಾಳೋ,
ನಾನು ಕೇಳಿಲ್ಲ.
ಇಪ್ಪತ್ತಕ್ಕೆ
ಮೊಣಕೈಯಿಂದ ನಲ್ಲಿ ಮುಚ್ಚುತ್ತಾಳೆ.